ತುಂಡಾದ ಎಳೆ, ಬೆಸೆಯುವ ಕಿಣ್ವ

ಕೀಮೋಥೆರಪಿಯ ಪೆಟ್ಟಿಗೆ ತುಂಡಾದ ಡಿಎನ್‌ಎಯನ್ನು ರಕ್ತದ ಕ್ಯಾನ್ಸರಿನ ಕಣಗಳು ಮತ್ತೆ ಜೋಡಿಸಿಕೊಂಡು ಬದುಕುಳಿಯುವುದಾದರೆ ಆ ಜೋಡಣೆಯನ್ನೇ ಏಕೆ ತಡೆಯಬಾರದು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಸಿ. ರಾಘವನ್ ಅವರ ತಂಡವು, ಎಸ್‌ಸಿಆರ್7 ಎಂಬ ಸಣ್ಣ ಅಣುವನ್ನು 2012ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯ ಮೂಲಕ ಲೋಕದ ಮುಂದಿಟ್ಟಿತು. ಸಹಲೇಖಕರಲ್ಲಿ ಒಬ್ಬರಾದ ಸುಭಾಸ್ ಕರ್ಕಿ ಅವರು ಆಗ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಬೆಂಗಳೂರು ಫಾರ್ಮಸಿ ಕಾಲೇಜಿನಲ್ಲಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅತ್ತ ಗಡಿಯ ಶಿರಗುಪ್ಪಿ, ಕಾಗವಾಡದವರೆಗೂ ಮನೆಮಾತಾದ ಈ ಸಂಸ್ಥೆಯ ಹೆಸರು ಈ ಕೆಲಸದೊಡನೆ ಸೇರಿರುವುದು ಗಡಿಭಾಗದವರು ಹೆಮ್ಮೆಪಡಬೇಕಾದ ಸಂಗತಿ.

ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ತುಂಡಾಗುವುದು ಕಣದ ಜೀವಕ್ಕೇ ಗಂಡಾಂತರವಾದರೂ, ಬಲಿಯುತ್ತಿರುವ ಲಿಂಫೋಸೈಟುಗಳು, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳು, ಬಗೆಬಗೆಯ ಪ್ರತಿಕಾಯಗಳಿಗಾಗಿ ಅದನ್ನು ತಾವಾಗಿಯೇ ಬರಮಾಡಿಕೊಳ್ಳುತ್ತವೆ. ರ‍್ಯಾಗ್ ಎಂಬ ಕಿಣ್ವ ಜೀನನ್ನು ಕತ್ತರಿಸುತ್ತದೆ, ಕೂ ಎಂಬ ಪ್ರೋಟೀನು ತುದಿಗಳನ್ನು ಹಿಡಿದಿಡುತ್ತದೆ, ಲೈಗೇಸ್-4 ಎಂಬ ಕಿಣ್ವ ಅವುಗಳನ್ನು ಬೆಸೆಯುತ್ತದೆ. ಇವುಗಳ ನಡುವೆ ಬರುವ ಟಿಡಿಟಿಯಂಥ ಸೋಜಿಗದ ಕಿಣ್ವ ಮತ್ತೊಂದಿಲ್ಲ: ಡಿಎನ್‌ಎ ಕಟ್ಟುವ ಕಿಣ್ವಗಳು ಸಾಮಾನ್ಯವಾಗಿ ಎದುರಿನ ಎಳೆಯನ್ನು ನೋಡಿ ನಕಲು ಮಾಡಿದರೆ, ಇದು ಯಾವ ಮಾದರಿಯೂ ಇಲ್ಲದೆ ತುಂಡಾದ ತುದಿಗೆ ಹೊಸ ಅಕ್ಷರಗಳನ್ನು, ಹೆಚ್ಚಾಗಿ ಜಿ ಮತ್ತು ಸಿಗಳನ್ನು, ಪೋಣಿಸುತ್ತ ಹೋಗುತ್ತದೆ. ಬಲಿತ ಕಣಗಳಲ್ಲಿ ಟಿಡಿಟಿ ಇರುವುದಿಲ್ಲವಾದ್ದರಿಂದ, ಅದನ್ನು ಹೊತ್ತ ಕಣಗಳು ರಕ್ತದಲ್ಲಿ ತುಂಬಿಕೊಂಡಿದ್ದರೆ ವೈದ್ಯರು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರನ್ನು ಶಂಕಿಸುತ್ತಾರೆ. ರ‍್ಯಾಗ್ ತಪ್ಪು ಜಾಗದಲ್ಲಿ ಕತ್ತರಿಸಿದಾಗ ಈ ರೋಗಕ್ಕೆ ದಾರಿಯಾಗಬಹುದೆಂಬುದಕ್ಕೂ ಪುರಾವೆಗಳಿವೆ.

ಕ್ಯಾನ್ಸರ್ ಕಣಗಳೂ ಬಳಸಿಕೊಳ್ಳುವ ಈ ಜೋಡಣೆಯಲ್ಲಿ ಎಸ್‌ಸಿಆರ್7 ತಡೆಯಲು ಹೊರಟದ್ದು ಕೊನೆಯ ಹಂತವಾದ ಲೈಗೇಸ್-4ರ ಬೆಸುಗೆಯನ್ನು. ಹಾಗೆ ತಡೆದಾಗ ತುಂಡುಗಳು ಕಣದೊಳಗೆ ಉಳಿದು ಕಣ ಸಾಯುತ್ತದೆಂದೂ, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತೆಂದೂ ತಂಡ ತೋರಿಸಿತು. ಆದರೆ ಈ ಅಣು ಲೈಗೇಸ್-4ನ್ನೇ ಆರಿಸಿ ತಡೆಯುವುದಿಲ್ಲ, ಅಷ್ಟು ಪ್ರಬಲವೂ ಅಲ್ಲ ಎಂದು 2016ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. ಅವರಲ್ಲಿ ರಾಘವನ್ ಹಿಂದೆ ಯಾರ ಪ್ರಯೋಗಾಲಯದಲ್ಲಿ ದುಡಿದಿದ್ದರೋ ಆ ಮೈಕೆಲ್ ಲೀಬರ್ ಅವರೂ ಇದ್ದರು. ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಬೆಸುಗೆಯನ್ನು ತಡೆಯುವ ಮೂಲ ವಿಚಾರ ಅದರಿಂದ ಬಿದ್ದುಹೋಗುವುದಿಲ್ಲ. ಅದಕ್ಕೆ ಆಧಾರವೂ ಎಚ್ಚರಿಕೆಯೂ ಆಗಿ ನಿಲ್ಲುವುದು, ವಿಕಿರಣ ಚಿಕಿತ್ಸೆಯನ್ನು ದೇಹ ತಾಳಲಾರದೆ ತೀರಿಕೊಂಡ ಲ್ಯುಕೇಮಿಯಾ ಪೀಡಿತ ಬಾಲಕನೊಬ್ಬನ ಪ್ರಕರಣ: ಅವನ ಲೈಗೇಸ್-4 ಜೀನಿನಲ್ಲೇ ಹುಟ್ಟಿನಿಂದ ದೋಷವಿತ್ತೆಂದು 1999ರಲ್ಲಿ ಪತ್ತೆಯಾಯಿತು. ಬೆಸುಗೆ ಕುಂದಿದರೆ ವಿಕಿರಣದ ಪೆಟ್ಟು ಆರೋಗ್ಯವಂತ ಅಂಗಾಂಶವನ್ನೂ ಬಿಡದಾದ್ದರಿಂದ, ಇಂಥ ಔಷಧವನ್ನು ಕ್ಯಾನ್ಸರ್ ಕಣಗಳಿಗೆ ಮಾತ್ರ ತಲುಪಿಸುವ ಬಗೆಯನ್ನು ಸಂಶೋಧಕರು ಮೊದಲು ಕಂಡುಕೊಳ್ಳಬೇಕಾಗಿದೆ.