ಮೀನಿನ ತೊಟ್ಟಿಯ ಎಲ್‌ಇಡಿ ದೀಪವನ್ನು ತಂಪಾಗಿಡುವ ಬಗೆ

ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಗಾಜಿನ ಮೀನಿನ ತೊಟ್ಟಿಯೊಂದಿದ್ದರೆ, ಅದಕ್ಕೆ ಬೇಕಾದ ದೀಪವನ್ನು ಮಕ್ಕಳೊಡನೆ ಸೇರಿ ತಯಾರಿಸುವ ಆಸೆ ಶಿಕ್ಷಕರಲ್ಲಿ ಹುಟ್ಟುವುದು ಸಹಜ. ಎಲ್‌ಇಡಿ ಚಿಪ್, ಡ್ರೈವರ್, ಒಂದು ಮುಚ್ಚಳ ಇಷ್ಟಿದ್ದರೆ ಸಾಕೆಂದು ತೋರುತ್ತದೆ. ಮೊದಲ ದಿನ ತೊಟ್ಟಿ ಬೆಳಗುತ್ತದೆ. ಕೆಲವು ವಾರಗಳಲ್ಲಿ ಬೆಳಕು ಮಂಕಾಗುತ್ತದೆ, ನೀರಿನ ಗಿಡಗಳು ಸೊರಗುತ್ತವೆ, ಒಂದು ದಿನ ದೀಪ ಹೊತ್ತುವುದೇ ಇಲ್ಲ. ಇಂತಹ ಸಂದರ್ಭಗಳಲ್ಲಿ ಎಷ್ಟೋ ಸಲ ಚಿಪ್ ಕಳಪೆಯದಾಗಿರುವುದಿಲ್ಲ. ಅದರ ಶಾಖಕ್ಕೆ ಹೊರಹೋಗುವ ದಾರಿ ಇರುವುದಿಲ್ಲ.

ಶಾಖ ಎಲ್ಲಿ ಹುಟ್ಟುತ್ತದೆ?

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಹಳೆಯ ತಂತಿಯ ಬಲ್ಬು ತನ್ನ ಶಾಖದ ಬಹುಭಾಗವನ್ನು ಅವಕೆಂಪು ಕಿರಣಗಳಾಗಿ ಸುತ್ತಲೂ ಚೆಲ್ಲುತ್ತದೆ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಅಂತಹ ಕಿರಣಗಳು ಅತ್ಯಲ್ಪ. ಆದ್ದರಿಂದ ಅದರ ಮುಂದೆ ಕೈಯಿಟ್ಟರೆ ತಂಪಾಗಿಯೇ ಕಾಣುತ್ತದೆ. ಆದರೆ ಪಡೆದ ವಿದ್ಯುತ್ತಿನ ಅರ್ಧಕ್ಕೂ ಹೆಚ್ಚು ಭಾಗ ಅನೇಕ ಚಿಪ್‌ಗಳಲ್ಲಿ ಶಾಖವಾಗುತ್ತದೆ. ಅದು ಹುಟ್ಟುವುದು ಸಾಸಿವೆ ಕಾಳಿನಷ್ಟು ಚಿಕ್ಕ ಅರೆವಾಹಕ ಸಂಧಿಯಲ್ಲಿ. ಅಲ್ಲಿಂದ ಅದು ಚಿಪ್‌ನ ಬೆನ್ನಿನ ಮೂಲಕವೇ ಹೊರಬರಬೇಕು. ಸಂಧಿ ಬಿಸಿಯಾದಷ್ಟೂ ಬೆಳಕು ಕುಂದುತ್ತದೆ, ಆಯುಷ್ಯವೂ ಕಡಿಮೆಯಾಗುತ್ತದೆ.

ಶಾಖದ ಮೂರು ಮೆಟ್ಟಿಲುಗಳು

ಮೊದಲನೆಯದು ಚಿಪ್‌ನಿಂದ ಹೀಟ್ ಸಿಂಕ್‌ಗೆ ಆಗುವ ವಹನ. ನುಣುಪಾಗಿ ಕಾಣುವ ಎರಡು ಲೋಹದ ಮೇಲ್ಮೈಗಳ ನಡುವೆಯೂ ಕಣ್ಣಿಗೆ ಕಾಣದ ಗಾಳಿಯ ಸಂದುಗಳಿರುತ್ತವೆ. ಗಾಳಿ ಶಾಖದ ದುರ್ಬಲ ವಾಹಕ. ಅಲ್ಯೂಮಿನಿಯಂ ಅದಕ್ಕಿಂತ ಸಾವಿರಾರು ಪಟ್ಟು ಉತ್ತಮ ವಾಹಕ. ಈ ಸಂದುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಬಳಸುತ್ತಾರೆ. ಪೇಸ್ಟ್ ಗಾಳಿಗಿಂತ ಉತ್ತಮ, ಆದರೆ ಲೋಹಕ್ಕಿಂತ ಬಹಳ ಕೀಳು. ಆದ್ದರಿಂದ ಅದನ್ನು ತೆಳುವಾಗಿ ಸವರಿ, ಚಿಪ್ಪನ್ನು ತಿರುಪುಗಳಿಂದ ಬಿಗಿಯಬೇಕು. ಸಾಮಾನ್ಯ ಅಂಟು ಬಿಸಿಗೆ ಸಡಿಲಗೊಂಡರೆ ದೀಪ ನೀರಿಗೆ ಬೀಳಬಹುದು.

ಎರಡನೆಯದು ಹೀಟ್ ಸಿಂಕ್‌ನಿಂದ ಗಾಳಿಗೆ ಆಗುವ ಸಂವಹನ. ಹೀಟ್ ಸಿಂಕ್‌ನ ರೆಕ್ಕೆಗಳು ಗಾಳಿಗೆ ತಾಗುವ ಮೇಲ್ಮೈಯನ್ನು ಹೆಚ್ಚಿಸುತ್ತವೆ. ಬಿಸಿಗಾಳಿ ಮೇಲೇರುವುದರಿಂದ ರೆಕ್ಕೆಗಳ ಸಂದು ಮೇಲ್ಮುಖವಾಗಿ ತೆರೆದಿರಬೇಕು. ಹೀಟ್ ಸಿಂಕ್ ಎಷ್ಟೇ ದೊಡ್ಡದಾಗಿರಲಿ, ಮುಚ್ಚಿದ ಪೆಟ್ಟಿಗೆಯೊಳಗಿಟ್ಟರೆ ಅದರ ಸುತ್ತಲಿನ ಗಾಳಿಯೇ ಕಾದುಬಿಡುತ್ತದೆ. ಮೂರನೆಯದು ವಿಕಿರಣ, ಇಲ್ಲಿ ಅದರ ಪಾಲು ಕಿರಿದು.

ಒಂದು ಲೆಕ್ಕ

10 ವ್ಯಾಟ್‌ನ ಚಿಪ್‌ನಲ್ಲಿ 7 ವ್ಯಾಟ್ ಶಾಖವಾಗುತ್ತದೆ ಎಂದಿಟ್ಟುಕೊಳ್ಳೋಣ. ಹೀಟ್ ಸಿಂಕ್ ಪ್ರತಿ ವ್ಯಾಟ್‌ಗೆ 5 ಡಿಗ್ರಿ ಸೆಲ್ಸಿಯಸ್ ಏರುವಂಥದ್ದಾದರೆ, ಅದು ಕೋಣೆಯ ಗಾಳಿಗಿಂತ 35 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ನೀಲಗಿರಿಯ 20 ಡಿಗ್ರಿ ಹವೆಯಲ್ಲಿ ಅದು 55 ಡಿಗ್ರಿಗೆ ನಿಲ್ಲುತ್ತದೆ. ಆದವಾನಿ ಅಥವಾ ಸೋಲಾಪುರದ ಬೇಸಿಗೆಯ 40 ಡಿಗ್ರಿಯಲ್ಲಿ ಅದೇ ದೀಪ 75 ಡಿಗ್ರಿ ಮುಟ್ಟುತ್ತದೆ; ಒಳಗಿನ ಸಂಧಿ ಇನ್ನೂ ಬಿಸಿಯಾಗಿರುತ್ತದೆ. ಆದ್ದರಿಂದ ಒಂದು ಊರಿನಲ್ಲಿ ಸರಿಹೋದ ದೀಪ ಇನ್ನೊಂದು ಊರಿನಲ್ಲಿ ಸೋಲಬಹುದು.

ಇದಕ್ಕೆ ಸುಲಭವಾದ ಪರಿಹಾರವೆಂದರೆ ಒಂದೇ ಚಿಪ್ಪನ್ನು ಪೂರ್ಣ ಸಾಮರ್ಥ್ಯದಲ್ಲಿ ಉರಿಸುವ ಬದಲು ಎರಡನ್ನು ಅರ್ಧ ವಿದ್ಯುತ್ ಪ್ರವಾಹದಲ್ಲಿ ಉರಿಸುವುದು. ಅರ್ಧ ಪ್ರವಾಹದಲ್ಲಿ ಚಿಪ್ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. ಪ್ರವಾಹವನ್ನು ಸ್ಥಿರವಾಗಿಡುವ ಡ್ರೈವರನ್ನೇ ಆರಿಸಬೇಕು. ವೋಲ್ಟೇಜನ್ನು ಮಾತ್ರ ಸ್ಥಿರವಾಗಿಟ್ಟರೆ, ಬಿಸಿಯಾದ ಚಿಪ್ ಹೆಚ್ಚು ಪ್ರವಾಹವನ್ನು ಸೆಳೆದು ಮತ್ತಷ್ಟು ಬಿಸಿಯಾಗುತ್ತದೆ.

ಮೀನುಗಳ ಕ್ಷೇಮ, ಮಕ್ಕಳ ಕ್ಷೇಮ

ದೀಪದ ಶಾಖ ಮುಚ್ಚಳದೊಳಗೆ ಸಿಕ್ಕಿಕೊಂಡರೆ ನೀರೂ ಬೆಚ್ಚಗಾಗುತ್ತದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು 7.5ರಷ್ಟಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಹಲವು ಸಲ ಈ ಕೊರತೆಯ ಸೂಚನೆ. ಆದ್ದರಿಂದ ಹೀಟ್ ಸಿಂಕ್ ಮುಚ್ಚಳದ ಮೇಲೆ, ತೆರೆದ ಗಾಳಿಯಲ್ಲಿರಬೇಕು. ಸಣ್ಣ ಫ್ಯಾನ್ ಅಳವಡಿಸುವುದಾದರೆ, ಅದು ತೊಟ್ಟಿಯ ತೇವದ ಗಾಳಿಯನ್ನು ಎಳೆಯದೆ ಕೋಣೆಯ ಒಣಗಾಳಿಯನ್ನು ರೆಕ್ಕೆಗಳ ಮೇಲೆ ಬೀಸುವಂತಿರಲಿ. ತಾಮ್ರದ ಹೀಟ್ ಸಿಂಕ್ ಬೇಡ. ಅದರಿಂದ ತೊಟ್ಟಿಕ್ಕಿದ ನೀರು ಮೀನುಗಳಿಗೂ ಬಸವನಹುಳುಗಳಿಗೂ ವಿಷವಾದೀತು.

ಮಕ್ಕಳು ಮುಟ್ಟುವ ಭಾಗದಲ್ಲಿ ಪ್ರತ್ಯೇಕಿತ 12 ಅಥವಾ 24 ವೋಲ್ಟ್ ವಿದ್ಯುತ್ ಮಾತ್ರ ಇರಬೇಕು. ನೀರಿಗೂ ದೀಪಕ್ಕೂ ನಡುವೆ ಗಾಜಿನ ಹೊದಿಕೆ ಇರಲಿ. ತಂತಿಯು ಸಾಕೆಟ್‌ಗಿಂತ ಕೆಳಗೆ ಬಾಗಿ ಮೇಲೇರಲಿ. ಆಗ ಅದರ ಮೇಲೆ ಹರಿದ ನೀರು ಸಾಕೆಟ್ ಸೇರದೆ ಕೆಳಗೇ ತೊಟ್ಟಿಕ್ಕುತ್ತದೆ.

ತರಗತಿಯಲ್ಲಿ

ಪ್ರಯೋಗಾಲಯದ ಥರ್ಮಾಮೀಟರನ್ನು ಹೀಟ್ ಸಿಂಕ್‌ಗೆ ತಾಗಿಸಿ, ದೀಪ ಹೊತ್ತಿಸಿದ ಮೇಲೆ 2 ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆಸಬಹುದು. 42 ಡಿಗ್ರಿಯವರೆಗೆ ಮಾತ್ರ ಅಳೆಯುವ ಜ್ವರದ ಥರ್ಮಾಮೀಟರನ್ನು ಬಳಸಬಾರದು. ರೆಕ್ಕೆಗಳು ತೆರೆದಿದ್ದಾಗ ಒಂದು, ಅವುಗಳ ಮೇಲೆ ರಟ್ಟು ಮುಚ್ಚಿದಾಗ ಇನ್ನೊಂದು ಹೀಗೆ ಎರಡು ನಕ್ಷೆಗಳನ್ನು ಎಳೆಸಿದರೆ ಸಂವಹನದ ಪಾಠ ಕಣ್ಣಮುಂದೆ ನಿಲ್ಲುತ್ತದೆ. ಉಷ್ಣತೆ 60 ಡಿಗ್ರಿ ದಾಟಿದರೆ ದೀಪ ಆರಿಸಿ ಪ್ರಯೋಗ ನಿಲ್ಲಿಸಬೇಕು.

ಪದಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕನ್ನಡದಲ್ಲಿ 'ಸಂವಹನ' ಎಂಬ ಪದ ಮಾತುಕತೆಯ ವಿನಿಮಯಕ್ಕೂ ಸಲ್ಲುತ್ತದೆ. ಅಕ್ಕಲಕೋಟೆ, ಜತ್ತ ಭಾಗದ ಮಕ್ಕಳು ಮರಾಠಿಯಲ್ಲಿ ಇದೇ ಕ್ರಿಯೆಯನ್ನು 'ಅಭಿಸರಣ' ಎಂದೂ, ವಿಕಿರಣವನ್ನು 'ಪ್ರಾರಣ' ಎಂದೂ ಕೇಳಿರಬಹುದು. ಕಾಸರಗೋಡಿನವರಿಗೆ ವಹನವು ಮಲಯಾಳದಲ್ಲಿ 'ಚಾಲನಂ'. ಈ ಪದಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ಬಿಸಿಗಾಳಿ ಮೇಲೇರುವುದನ್ನು ರೆಕ್ಕೆಗಳ ಮೇಲೆ ತೂಗುಬಿಟ್ಟ ತೆಳುಕಾಗದದ ಸುರುಳಿಯಿಂದ ತೋರಿಸಿದರೆ, ಮಗುವಿಗೆ ಎರಡು ಭಾಷೆಗಳು ಎರಡು ವಿಜ್ಞಾನಗಳಾಗಿ ಉಳಿಯುವುದಿಲ್ಲ. ತೊಟ್ಟಿಯೂ ವರ್ಷವಿಡೀ ಬೆಳಗುತ್ತಿರುತ್ತದೆ.