ಚಿನ್ನ ಹುಡುಕಿದ ಲೆಕ್ಕ ವಿಷದ ಬೆನ್ನು ಹತ್ತಿದ್ದು

1950ರ ಆಸುಪಾಸಿನಲ್ಲಿ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್ ಚಿನ್ನದ ಗಣಿಗಳಲ್ಲಿ ಡ್ಯಾನಿ ಕ್ರಿಗೆ ಎಂಬ ತರುಣ ಎಂಜಿನಿಯರ್ ಒಂದು ಒಗಟಿನ ಹಿಂದೆ ಬಿದ್ದಿದ್ದರು. ಮಾದರಿಯಲ್ಲಿ ಭರ್ತಿ ಚಿನ್ನ ಕಂಡ ಜಾಗವನ್ನು ಅಗೆದರೆ ಅಂದುಕೊಂಡಷ್ಟು ಸಿಗುತ್ತಿರಲಿಲ್ಲ. ಏನೂ ಇಲ್ಲವೆಂದು ಬಿಟ್ಟ ಜಾಗದಲ್ಲಿ ತುಸು ಹೆಚ್ಚೇ ಇರುತ್ತಿತ್ತು. ನೆಲದ ಇಂಥ ಆಟ ಕೋಲಾರದ ಗಣಿಯವರಿಗೆ ಹೊಸದೇನಲ್ಲ. ಸುತ್ತಲಿನ ಮಾದರಿಗಳನ್ನೂ ಗಣನೆಗೆ ತೆಗೆದುಕೊಂಡು ಅಂದಾಜು ತಿದ್ದುವ ಕ್ರಮವನ್ನು ಕ್ರಿಗೆ 1951ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಜಾರ್ಜ್ ಮಾತೆರಾನ್ ಅದಕ್ಕೆ ಗಟ್ಟಿ ಗಣಿತದ ತಳಪಾಯ ಹಾಕಿ, ಕ್ರಿಗೆ ಹೆಸರನ್ನೇ ಇಟ್ಟರು: ಕ್ರಿಗಿಂಗ್. ಈ ಲೆಕ್ಕ ಪ್ರತಿ ಜಾಗದ ಅಂದಾಜಿನ ಜತೆಗೆ, ಆ ಅಂದಾಜು ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳುತ್ತದೆ. ಈ ಎರಡನೆಯ ಗುಣದ ಬೆಲೆ ತಿಳಿದದ್ದು ಮುಂದೆ ವಿಷದ ವಿಚಾರಕ್ಕೆ ಬಂದಾಗ.

ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್‌ನಲ್ಲಿ ಹೂಕರ್ ಕೆಮಿಕಲ್ ಕಂಪನಿ ಸುಮಾರು 20 ಸಾವಿರ ಟನ್ ರಾಸಾಯನಿಕ ತ್ಯಾಜ್ಯ ಹೂತು, 1953ರಲ್ಲಿ ಆ ಜಾಗವನ್ನು ಒಂದು ಡಾಲರ್‌ಗೆ ಶಾಲಾ ಮಂಡಳಿಗೆ ಮಾರಿತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳು ಬಂದವು. 1978ರಲ್ಲಿ ಸರ್ಕಾರವೇ ಜನರನ್ನು ತೆರವುಗೊಳಿಸಬೇಕಾಯಿತು. ಇಂಥ ವಿಷದ ಜಾಗಗಳನ್ನು ಶುಚಿಗೊಳಿಸಲೆಂದು 1980ರ ಡಿಸೆಂಬರ್‌ನಲ್ಲಿ ಸೂಪರ್‌ಫಂಡ್ ಕಾನೂನು ಜಾರಿಗೆ ಬಂತು.

ಕಾನೂನು ಬಂದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಅಗೆಯುವುದೆಂಬ ಪ್ರಶ್ನೆ ಎದ್ದಿತು. ಕೊಳವೆ ಇಳಿಸಿ ತೆಗೆದ ಕೆಲವೇ ಮಾದರಿಗಳ ನಡುವಿನ ನೆಲದ ಬಗ್ಗೆ ಯಾರಿಗೂ ಗೊತ್ತಿರುವುದಿಲ್ಲ. ಎಲ್ಲವನ್ನೂ ಅಗೆದು ಸಾಗಿಸಲು ದುಡ್ಡು ಸಾಲದು; ಕಡಿಮೆ ಅಗೆದರೆ ಉಳಿದ ವಿಷ ಮಕ್ಕಳ ಮೈ ಸೇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲಾಸ್ ವೇಗಸ್ ಪ್ರಯೋಗಾಲಯ ಚಿನ್ನದ ಗಣಿಯ ಲೆಕ್ಕವನ್ನೇ ಕೈಗೆತ್ತಿಕೊಂಡಿತು. 1980ರ ದಶಕದ ಕೊನೆಯ ಹೊತ್ತಿಗೆ ಸಾಮಾನ್ಯ ಪಿಸಿಯಲ್ಲಿ ಓಡುವ ಜಿಯೋ-ಈಯಾಸ್ ತಂತ್ರಾಂಶ ಉಚಿತವಾಗಿ ಸಿಕ್ಕಿತು.

ಮುಂದಿನ ಹೆಜ್ಜೆ ಟೆನಿಸಿಯದ್ದು. ಅಣುಬಾಂಬಿಗೆ ಯುರೇನಿಯಂ ಸಿದ್ಧಪಡಿಸಿದ ಓಕ್ ರಿಜ್‌ಗೆ ಸಮೀಪದ ಟೆನಿಸಿ ವಿಶ್ವವಿದ್ಯಾಲಯ 1990ರ ದಶಕದಲ್ಲಿ 'ಸಾಡಾ' ಎಂಬ ತಂತ್ರಾಂಶ ಕಟ್ಟಿತು. ಇದೂ ಉಚಿತ. ಮಾದರಿಗಳ ಅಂಕಿ ಕೊಟ್ಟರೆ ಮಾಲಿನ್ಯದ ನಕ್ಷೆ ಬರುತ್ತದೆ. ಇಷ್ಟಕ್ಕಿಂತ ಹೆಚ್ಚು ವಿಷ ಇರಕೂಡದೆಂಬ ಮಿತಿಯನ್ನೂ, ಎಷ್ಟು ಖಾತ್ರಿ ಬೇಕೆಂಬುದನ್ನೂ ನಾವು ಹೇಳಬೇಕು. ಖಾತ್ರಿಯನ್ನು ನೂರಕ್ಕೆ ಐವತ್ತರಿಂದ ತೊಂಬತ್ತಕ್ಕೆ ಏರಿಸಿದರೆ ಅಗೆಯಬೇಕಾದ ಗಡಿ ಕಣ್ಣೆದುರೇ ಉಬ್ಬುತ್ತದೆ, ಖರ್ಚೂ ಏರುತ್ತದೆ. ಎಲ್ಲಿ ಇನ್ನೊಂದು ಮಾದರಿ ತೆಗೆದರೆ ಅನುಮಾನ ಹೆಚ್ಚು ಕರಗೀತು ಎಂಬುದನ್ನೂ ಅದು ತೋರಿಸುತ್ತದೆ. ನನಗೆ ಈ ಗುಣವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತನಗೆ ಗೊತ್ತಿಲ್ಲದ ಜಾಗವನ್ನು ಬೊಟ್ಟು ಮಾಡಿ ತೋರಿಸುವ ಸರ್ಕಾರಿ ವರದಿ ಅಪರೂಪ.

ಆದರೆ ಮಿತಿಯನ್ನು ಕಂಪ್ಯೂಟರ್ ಹೇಳುವುದಿಲ್ಲ. ಓಕ್ ರಿಜ್‌ನ ಈಸ್ಟ್ ಫೋರ್ಕ್ ಪಾಪ್ಲರ್ ಹೊಳೆದಂಡೆಯ ಮಣ್ಣಿಗೆ 1995ರಲ್ಲಿ ನಿಗದಿಯಾದದ್ದು ಕಿಲೋಗೆ 400 ಮಿಲಿಗ್ರಾಂ ಪಾದರಸ. 2001ರಲ್ಲಿ ಮುಚ್ಚಿದ ನಮ್ಮ ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆಯ ಮಣ್ಣಿಗೆ ಒಪ್ಪಿದ್ದು 20 ಮಿಲಿಗ್ರಾಂ. ಅದೂ ಸಡಿಲವೆಂದು ಅಲ್ಲಿನ ಹೋರಾಟಗಾರರು ವಾದಿಸಿದರು. ಓಕ್ ರಿಜ್‌ನ ಪಾದರಸ ಬಹುಪಾಲು ದೇಹ ಸುಲಭವಾಗಿ ಹೀರದ ಸಲ್ಫೈಡ್ ರೂಪದಲ್ಲಿದೆ ಎಂಬುದು ಆ ದೊಡ್ಡ ಅಂಕಿಗೆ ಕೊಟ್ಟ ಕಾರಣ. ಕಾರಣ ಸರಿಯೋ ತಪ್ಪೋ, ಅದನ್ನು ಬಹಿರಂಗವಾಗಿ ಹೇಳಿ, ಜನ ಪ್ರಶ್ನಿಸುವಂತೆ ಇಡಬೇಕಾದವರು ಮನುಷ್ಯರೇ.

2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಇನ್ನು ಮುಂದೆ ಅಗೆತದ ಇಂಥ ಗಡಿಗೆರೆಗಳನ್ನು ನಮ್ಮ ನೆಲದಲ್ಲೂ ಎಳೆಯಲಾಗುತ್ತದೆ. ಪ್ರತಿ ಮಾದರಿಯ ಅಂಕಿ, ಆರಿಸಿದ ಮಿತಿ, ಇಟ್ಟುಕೊಂಡ ಖಾತ್ರಿ, ಮೂರೂ ಆ ನೆಲದ ಮೇಲೆ ಬದುಕುವವರ ಕೈಗೆ ಸಿಗಬೇಕು. ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡುವ ಸಾಧನವನ್ನು ಟೆನಿಸಿಯವರು ಆಗಲೇ ಬಿಟ್ಟಿಯಾಗಿ ಕೊಟ್ಟಿದ್ದಾರೆ.