ಸಕ್ಕರೆ ಪ್ಯಾನಿನ ನಿರ್ವಾತ: ಗಾಳಿ ತಡೆದರೆ ಇಳುವರಿ

ಕಬ್ಬಿನ ಹಾಲು ಸಕ್ಕರೆಯ ಹರಳಾಗುವುದು ಕಾರ್ಖಾನೆಯ ವ್ಯಾಕ್ಯೂಮ್ ಪ್ಯಾನಿನಲ್ಲಿ. ಗಾಳಿಯಾಡದಂತೆ ಮುಚ್ಚಿದ ಈ ದೊಡ್ಡ ಉಕ್ಕಿನ ಪಾತ್ರೆಯೊಳಗೆ ಒತ್ತಡ ತಗ್ಗಿಸಿ, ಕಡಿಮೆ ಶಾಖದಲ್ಲೇ ಪಾಕ ಕುದಿಸುತ್ತಾರೆ. ಘಟಪ್ರಭಾ ಮತ್ತು ಕೃಷ್ಣೆಯ ನೀರಿನಲ್ಲಿ ಬೆಳೆದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಕಬ್ಬು ಸಮೀರವಾಡಿ, ತಿಮ್ಮಾಪುರ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿಯ ಕಾರ್ಖಾನೆಗಳಲ್ಲಿ ಇಂಥ ಪ್ಯಾನುಗಳನ್ನು ದಾಟಿಯೇ ಸಕ್ಕರೆಯಾಗುತ್ತದೆ. ಪ್ಯಾನಿನ ನಿರ್ವಾತ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಹರಳಿನ ಗುಣ, ಇಳುವರಿ ಎರಡೂ ನಿಂತಿವೆ.

ಮಹಾಲಿಂಗಪುರ, ಮುಧೋಳದ ಬೆಲ್ಲದ ಗಾಣಗಳಲ್ಲಿ ಹಾಲು ತೆರೆದ ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ನೀರು ಆವಿಯಾದಂತೆ ಪಾಕದ ಶಾಖ ಏರಿ, ಬೆಲ್ಲ ಇಳಿಸುವ ಹೊತ್ತಿಗೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬೆಲ್ಲದ ಬಣ್ಣಕ್ಕೂ ಪರಿಮಳಕ್ಕೂ ಈ ಶಾಖ ಬೇಕು. ಸಕ್ಕರೆಗೆ ಅದೇ ಕೆಡುಕು. ಹೆಚ್ಚು ಹೊತ್ತು ಬಿಸಿಯಲ್ಲಿದ್ದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಹೀಗೆ ಒಡೆದದ್ದು ಹರಳುಗಟ್ಟದೆ ಕಾಕಂಬಿಯ ಜೊತೆ ಹೋಗುತ್ತದೆ. ಉಳಿದ ಸಕ್ಕರೆಯ ಬಣ್ಣವೂ ಮಾಸುತ್ತದೆ. ಇದಕ್ಕೆ ಪರಿಹಾರವಾಗಿ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೊವಾರ್ಡ್ 1813ರಲ್ಲಿ ವ್ಯಾಕ್ಯೂಮ್ ಪ್ಯಾನಿಗೆ ಪೇಟೆಂಟ್ ಪಡೆದರು. ಒತ್ತಡ ಇಳಿದರೆ ಕುದಿಯುವ ಶಾಖವೂ ಇಳಿಯುತ್ತದೆ ಎಂಬುದೇ ಅದರ ತತ್ತ್ವ. ಇಂದಿನ ಪ್ಯಾನುಗಳಲ್ಲಿ ಗಟ್ಟಿ ಪಾಕ 60ರಿಂದ 70 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ನಿರ್ವಾತ ಹುಟ್ಟಿಸುವ ಮುಖ್ಯ ಕೆಲಸ ಮಾಡುವುದು ತಣ್ಣೀರು. ಪ್ಯಾನಿನಿಂದ ಏಳುವ ಆವಿ ಮೇಲಿನ ಕಂಡೆನ್ಸರಿಗೆ ಹೋಗಿ, ಅಲ್ಲಿ ಸಿಡಿಯುವ ತಣ್ಣೀರು ತಾಗಿ ನೀರಾಗುತ್ತದೆ. ಅಪಾರ ಜಾಗ ತುಂಬಿದ್ದ ಆವಿ ಕುಗ್ಗಿದ ಕೂಡಲೇ ಒತ್ತಡ ಕುಸಿಯುತ್ತದೆ. ತಣಿಸಿದರೂ ನೀರಾಗದ ಗಾಳಿಯನ್ನು ಮಾತ್ರ ಪಂಪು ಇಲ್ಲವೆ ನೀರಿನ ಜೆಟ್ಟು ಹೊರಗೆ ಎಳೆಯುತ್ತದೆ. ಕಂಡೆನ್ಸರನ್ನು ಕೆಳಗಿನ ತೊಟ್ಟಿಯಿಂದ ಹತ್ತು ಮೀಟರಿಗೂ ಎತ್ತರದಲ್ಲಿ ಕೂರಿಸುತ್ತಾರೆ. ಹೊರಗಿನ ವಾಯುಭಾರ ಇಳಿಗೊಳವೆಯ ನೀರನ್ನು ಅಷ್ಟೆತ್ತರಕ್ಕೆ ಹಿಮ್ಮೆಟ್ಟಿಸಲಾರದು. ಹಾಗಾಗಿ ನೀರು ತಾನಾಗಿ ಕೆಳಗಿಳಿಯುತ್ತದೆ, ಗಾಳಿ ಮೇಲೆ ನುಗ್ಗುವುದಿಲ್ಲ.

ನಿರ್ವಾತ ಅಳೆಯುವ ಗೇಜಿನ ಅಂಕಿಯನ್ನು ಊರಿನ ಎತ್ತರದ ಜೊತೆ ಇಟ್ಟು ಓದಬೇಕು. ಸಮುದ್ರಮಟ್ಟದಲ್ಲಿ ವಾಯುಭಾರ ಪಾದರಸದ 29.9 ಇಂಚು. ಸುಮಾರು 550 ಮೀಟರ್ ಎತ್ತರದ ಮುಧೋಳ-ಜಮಖಂಡಿ ಸೀಮೆಯಲ್ಲಿ ಅದು ಹೆಚ್ಚುಕಡಿಮೆ 28 ಇಂಚು. ಇಲ್ಲಿ ಗೇಜು 25 ಇಂಚು ತೋರಿಸಿದರೆ ಒಳಗೆ ಉಳಿದ ಒತ್ತಡ ಮೂರೇ ಇಂಚು. ಆ ಒತ್ತಡದಲ್ಲಿ ಬರೀ ನೀರು ಸುಮಾರು 46 ಡಿಗ್ರಿಗೆ ಕುದಿಯುತ್ತದೆ. ಸಕ್ಕರೆಯ ಸಾಂದ್ರತೆಯಿಂದಲೂ ಪ್ಯಾನಿನ ಆಳದಿಂದಲೂ ಪಾಕದ ಕುದಿಬಿಂದು ಅದಕ್ಕಿಂತ ಮೇಲಿರುತ್ತದೆ. ಕರಾವಳಿಯ ಕಾರ್ಖಾನೆಯ ಅಂಕಿಯನ್ನೇ ಇಲ್ಲಿ ಗುರಿಯಾಗಿಸಿಕೊಂಡು ಇನ್ನೂ ಕಡಿಮೆಯಾಯಿತೆಂದು ಚಿಂತಿಸಬೇಕಿಲ್ಲ.

ನಿರ್ವಾತ ಇಳಿದಾಗ ಪಂಪಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಹುಡುಕಾಟ ಸೋರಿಕೆಯಿಂದಲೇ ಶುರುವಾಗಬೇಕು. ವಾಲ್ವಿನ ಗ್ಲ್ಯಾಂಡ್, ಫ್ಲ್ಯಾಂಜಿನ ನಡುವಿನ ಗ್ಯಾಸ್ಕೆಟ್, ನೋಡುಗಾಜಿನ ಅಂಚು, ಪಾಕ ಇಳಿಸುವ ಬಾಯಿಯ ರಬ್ಬರು, ತುಕ್ಕು ಹಿಡಿದ ಬೆಸುಗೆ: ಗಾಳಿ ನುಗ್ಗುವ ಜಾಗಗಳು ಇವೇ. ಕಬ್ಬು ನುರಿಸುವ ಹಂಗಾಮಿಗೆ ಮೊದಲೇ ಖಾಲಿ ಪ್ಯಾನಿನಲ್ಲಿ ನಿರ್ವಾತ ಏರಿಸಿ, ಎಲ್ಲ ವಾಲ್ವು ಮುಚ್ಚಿ, ಗೇಜಿನ ಮುಳ್ಳು ಎಷ್ಟು ಬೇಗ ಹಿಂದೆ ಸರಿಯುತ್ತದೆಂದು ನೋಡುತ್ತಾರೆ. ಬೇಗ ಸರಿದರೆ ಜೋಡಣೆಯ ಬಳಿ ಮೇಣದಬತ್ತಿ ಹಿಡಿಯುವುದುಂಟು. ಜ್ವಾಲೆ ಒಳಮುಖವಾಗಿ ಬಾಗಿದ ಕಡೆ ಸೋರಿಕೆ ಇದೆ. ಪ್ಯಾನಿಗೆ ನೀರು ತುಂಬಿ ಎಲ್ಲಿ ಜಿನುಗುತ್ತದೆಂದು ನೋಡುವುದೂ ಹಳೆಯ, ನಂಬಿಕೆಯ ಪರೀಕ್ಷೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯ, ಅಮೆರಿಕದ ವರ್ಮಾಂಟ್ ರಾಜ್ಯಗಳ ಮೇಪಲ್ ತೋಪುಗಳಲ್ಲೂ ಇದೇ ಪಾಠ. ಅಲ್ಲಿ ಮರಕ್ಕೆ ಕೊರೆದ ರಂಧ್ರದಿಂದ ಸಿಹಿರಸವನ್ನು ಪ್ಲಾಸ್ಟಿಕ್ ಕೊಳವೆಗಳ ಮೂಲಕ ನಿರ್ವಾತದಿಂದ ಎಳೆಯುತ್ತಾರೆ. ಸುಮಾರು 40 ಲೀಟರ್ ರಸ ಇಂಗಿಸಿದರೆ ಒಂದು ಲೀಟರ್ ಪಾಕ. ಅಳಿಲು ಕಚ್ಚಿದ ಕೊಳವೆ, ಸಡಿಲಾದ ಜೋಡಣೆಗಳಿಂದ ಗಾಳಿ ನುಗ್ಗಿದರೆ ರಸ ಕಡಿಮೆಯಾಗುತ್ತದೆ. ಚಿಕ್ಕ ತೋಪಿನವರು ಪಂಪು ಬದಲಿಸುವ ಮುನ್ನ ಕೊಳವೆಯುದ್ದಕ್ಕೂ ನಡೆದು, ಒಳಗೆ ಓಡುವ ಗುಳ್ಳೆಗಳನ್ನು ನೋಡಿ, ಸುಯ್ ಎನ್ನುವ ಸದ್ದು ಆಲಿಸಿ ತೂತು ಮುಚ್ಚುತ್ತಾರೆ.

ಪ್ಯಾನಿನಲ್ಲಿ ಸೋರಿಕೆಯ ನಂತರ ಎರಡನೆಯ ಗಮನ ನೀರಿನ ಕಡೆಗೆ. ಕಂಡೆನ್ಸರಿಗೆ 30 ಡಿಗ್ರಿಯ ನೀರು ಹೋಗಿ 42 ಡಿಗ್ರಿಯಾಗಿ ಹೊರಬಂದರೆ, ಒಂದು ಕಿಲೋ ಆವಿ ತಣಿಸಲು ಸುಮಾರು 48 ಕಿಲೋ ನೀರು ಸಾಕು. ಹೋಗುವ ನೀರೇ 35 ಡಿಗ್ರಿಯಿದ್ದರೆ 80 ಕಿಲೋಗೂ ಹೆಚ್ಚು ಬೇಕು. ಹಂಗಾಮು ಮಾರ್ಚ್‌ವರೆಗೆ ಎಳೆದಾಗ ಬಿಸಿಲಿನೊಡನೆ ಈ ತೊಂದರೆ ಏರುತ್ತದೆ. ಕಂಡೆನ್ಸರಿನ ನೀರನ್ನು ಚಿಮ್ಮಿಸಿ ತಣಿಸುವ ಸ್ಪ್ರೇ ಪಾಂಡಿನ ನಳಿಗೆಗಳಲ್ಲಿ ಕಸ ಕಟ್ಟಿಕೊಂಡರೆ ನೀರು ಹನಿಯಾಗಿ ಚದುರದು, ತಣಿಯದು. ನಳಿಗೆ ಶುಚಿಮಾಡುವ ಸಣ್ಣ ಕೆಲಸ ಎಷ್ಟೋ ಸಲ ಹೊಸ ಪಂಪಿಗಿಂತ ಹೆಚ್ಚು ಫಲ ಕೊಡುತ್ತದೆ.

ನಿರ್ವಾತ ಸ್ಥಿರವಾಗಿಯೂ ಇರಬೇಕು. ಪ್ಯಾನ್‌ಮನ್ ಆಗಾಗ ಮಾದರಿ ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ, ಬೆಳಕಿಗೆ ಹಿಡಿದು ಹರಳು ನೋಡುತ್ತಾನೆ. ನಿರ್ವಾತ ತಟ್ಟನೆ ಇಳಿದರೆ ಶಾಖ ಏರಿ ಸಣ್ಣ ಹರಳು ಕರಗುತ್ತವೆ. ತಟ್ಟನೆ ಏರಿದರೆ ಪಾಕ ತಣ್ಣಗಾಗಿ, ಬೇಡದ ಪುಡಿಹರಳು ಹೊಸದಾಗಿ ಹುಟ್ಟುತ್ತವೆ. ಇವು ಹರಳು ಬೇರ್ಪಡಿಸುವ ಯಂತ್ರದ ಜಾಲರಿಯಿಂದ ಜಾರಿ ಕಾಕಂಬಿ ಸೇರುತ್ತವೆ. ಕುದಿ ರಭಸವಾದರೆ ಪಾಕದ ಹನಿಗಳೇ ಆವಿಯೊಂದಿಗೆ ಕಂಡೆನ್ಸರಿಗೆ ಹಾರುತ್ತವೆ. ಹಾಗಾಗಿದೆಯೇ ಎಂದು ತಿಳಿಯಲು ಹೊರಬಂದ ನೀರಿಗೆ ಆಲ್ಫಾ ನ್ಯಾಫ್ತಾಲ್ ಹಾಗೂ ಗಂಧಕಾಮ್ಲ ಸೇರಿಸುತ್ತಾರೆ. ನೇರಳೆ ಉಂಗುರ ಮೂಡಿದರೆ ನೀರಿನಲ್ಲಿ ಸಕ್ಕರೆ ಇದೆ ಎಂದರ್ಥ. ನಿರ್ವಾತವನ್ನು ಅತಿಯಾಗಿ ಏರಿಸುವುದೂ ಒಳ್ಳೆಯದಲ್ಲ. ತೀರ ತಣ್ಣಗಾದ ಪಾಕ ಅಂಟಂಟಾಗಿ ತಿರುಗದು, ಹರಳು ಬೆಳೆಯುವುದು ನಿಧಾನವಾಗುತ್ತದೆ.

ಈ ಜೋಪಾನ ರೈತರಿಗೂ ಸಂಬಂಧಿಸಿದ್ದು. ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿಮಾಡುವ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ದರ ಇಳುವರಿಗೆ ಕಟ್ಟುಬಿದ್ದಿದೆ. 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅದರ ಮೇಲೆ ಪ್ರತಿ 0.1 ಅಂಶಕ್ಕೆ 3.46 ರೂಪಾಯಿ ನಿಗದಿಯಾಗಿತ್ತು. ಹೊಲದಲ್ಲಿ ಬೆಳೆದ ಸಿಹಿಯನ್ನು ಗ್ಯಾಸ್ಕೆಟ್, ನಳಿಗೆಗಳ ಅಲಕ್ಷ್ಯದಿಂದ ಕಾಕಂಬಿಗೆ ಬಿಟ್ಟುಕೊಡಬಾರದು. ಸೋರಿಕೆ ಮುಚ್ಚಿ, ನೀರು ತಣಿಸಿ, ಗೇಜನ್ನು ಸ್ಥಿರವಾಗಿಟ್ಟ ಮೇಲೂ ನಿರ್ವಾತ ಸಾಲದಿದ್ದರೆ ಮಾತ್ರ ದೊಡ್ಡ ಪಂಪಿನ ಖರ್ಚಿಗೆ ಅರ್ಥವಿದೆ.